ಮರುಭೂಮಿ ನೀಲಿಯಾದ ದಿನ

ಅದು ಶುರುವಾದದ್ದು ಬೇಸಿಗೆ ಇನ್ನೇನು ಕಾಲ್ತೆಗೆಯಬೇಕು ಅನ್ನುವ ದಿನಗಳಲ್ಲಿ, ಒಂದು ಮಂಗಳವಾರ ಬೆಳಗ್ಗೆ, ಹಾಲು ಕಾಯಿಸುವ ಹೊತ್ತಿಗೆ. ಅಕ್ಕ ಒಲೆಯ ಕಡೆ ಮುಖ ಮಾಡಿಕೊಂಡು, ಚಮಚದಿಂದ ಕೆನೆ ಸರಿಸುತ್ತ, ಸಕ್ಕರೆ ಮುಗಿದಿದೆ ಅಂತ ಹೇಳುವಷ್ಟೇ ಸಲೀಸಾಗಿ, "ಗುಬ್ಬಿ ಕರೀತಿದಾಳೆ ಕಣೋ. ಹೋಗ್ಲಾ?" ಅಂದಳು. ಗುಬ್ಬಿ ಅಕ್ಕನ ಹಳೆಯ ಗೆಳತಿ. ಇಬ್ಬರೂ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಊರವರ ಮಾತಿಗೆಲ್ಲ ತಂತಿ ಜೋಡಿಸುತ್ತಿದ್ದವರು. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಗುಬ್ಬಿ ಎಲ್ಲೋ ದೂರದ ನದೀತೀರದ ಊರು ಸೇರಿ ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವ ಕೆಲಸ ಹಿಡಿದಳು. ಅಕ್ಕ ತಮ್ಮನ ಮನೆ ಸೇರಿದಳು. ಈಗ ದೋಣಿಕಟ್ಟೆಯ ಚಹಾದಂಗಡಿ ನಡೆಸುತ್ತಿದ್ದವನು ಬಿಟ್ಟು ಹೋಗಿದ್ದಾನಂತೆ, ಇಬ್ಬರೂ ಸೇರಿ ನಡೆಸೋಣ ಬಾ ಅನ್ನುತ್ತಿದ್ದಾಳೆ ಗುಬ್ಬಿ. "ಮುಂದಿನ ವಾರದಿಂದ ದೋಣಿ ಓಡಾಟ ಮತ್ತೆ ಶುರುವಂತೆ. ಇವತ್ತು ಸಂಜೆಯೊಳಗೆ ಹೇಳು ಅಂದಿದಾಳೆ. ನೀನು ಬೇಡ ಅಂದ್ರೆ ಇಲ್ಲೇ ಇರ್ತೀನಿ. ಬೇಜಾರೇನಿಲ್ಲ. ಅದಕ್ಕೇ ಕೇಳ್ತಿರೋದು" ಅಂದಳು ಅಕ್ಕ. ತಮ್ಮ ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಡಕೊಂಡಿತು, ಆಫೀಸಿನದು. ಅವನು ತೋರುಬೆರಳನ್ನು ಮೇಲೆತ್ತಿ, "ಒಂದ್ನಿಮಿಷ ಅಕ್ಕಾ" ಅಂದ.

ಫೋನಿನಲ್ಲಿ ಮೇಡಂ. ಮೇಡಂ ಸಿಟ್ಟಾದಾಗ ದನಿ ಏರುವುದಿಲ್ಲ, ಇನ್ನಷ್ಟು ಮೃದುವಾಗುತ್ತದೆ, ಆವತ್ತು ಬೆಣ್ಣೆಯಂತಿತ್ತು. "ಬೇಗ ಬರ್ತೀರಾ? ನಮ್ಮ ಮರುಭೂಮಿಯಲ್ಲಿ ಪ್ರವಾಹ ಬಂದಿದೆಯಂತೆ. ನೀವೇ ತಂದದ್ದು" ಅಂದರು. ಅವನು ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಬಿದ್ದ. ಮೆಟ್ಟಿಲಿಳಿಯುವಾಗ ಹಾಲು ಉಕ್ಕಿದ ವಾಸನೆ ಬಂತು. ಕೆನೆ ಸರಿಸುತ್ತ ನಿಂತಿದ್ದವಳ ಕೈಯಲ್ಲಿ ಹಾಲು ಉಕ್ಕಬೇಕಾದರೆ ಅವಳ ಕಣ್ಣು ಎಲ್ಲಿತ್ತು ಅಂತ ಅವನಿಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಅವನು ಎತ್ತಿದ ಬೆರಳಿನ ಮೇಲಿತ್ತು.

ಅವನ ಕೆಲಸ ಲೋಕದ ಬರ ಅಳೆಯುವುದು. ಹಾಗಂದರೆ ಜನ ಅವನನ್ನು ಕೊಡೆ, ಕೋಲು ಹಿಡಿದು ಒಣಗದ್ದೆಗಳಲ್ಲಿ ಅಲೆಯುವವನು ಅಂದುಕೊಳ್ಳುತ್ತಾರೆ. ಅವನು ಕೂತ ಕುರ್ಚಿ ಬಿಟ್ಟು ಏಳುವುದಿಲ್ಲ. ಭೂಮಿಯನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಹೆಚ್ಚಿಟ್ಟಿದ್ದಾರೆ. ಎಷ್ಟು ಮಳೆ ಬಿತ್ತು, ಬಿಸಿಲು ಎಷ್ಟು ಹೀರಿಕೊಂಡಿತು, ಮಣ್ಣಿನಲ್ಲಿ ಎಷ್ಟು ತೇವ ಉಳಿಯಿತು ಅಂತ ಒಂದೊಂದು ಚೌಕದ ಲೆಕ್ಕವೂ ತಿಂಗಳು ತಿಂಗಳು ಬರುತ್ತದೆ, ಮಳೆಮಾಪಕಗಳಿಂದ, ಆಕಾಶದ ಉಪಗ್ರಹಗಳಿಂದ. ಅದಕ್ಕೆ ಬಣ್ಣ ಬಳಿದು ನಕ್ಷೆ ಮಾಡಿ ಹೊರಗೆ ಕಳಿಸುವುದು ಅವನ ಪಾಲಿನದು. ತೀರಾ ಒಣಗಿದ್ದಕ್ಕೆ ಕಡುಗೆಂಪು, ಆಮೇಲೆ ಕೆಂಪು, ಹಳದಿ; ಮಾಮೂಲಿಗೆ ಬಿಳಿ; ಮಾಮೂಲಿಗಿಂತ ಹೆಚ್ಚಾದರೆ ನೀಲಿ. ಈ ಮಾಮೂಲು ಅನ್ನುವುದೇ ಇಡೀ ಕಸುಬಿನ ಗುಟ್ಟು. ಒಂದು ಜಾಗವನ್ನು ಇನ್ನೊಂದು ಜಾಗದ ಜೊತೆ ತೂಗುವುದಿಲ್ಲ. ಅದರದೇ ಹಿಂದಿನ ಮೂವತ್ತು ವರ್ಷದ ರೂಢಿಯ ಜೊತೆ ಅದನ್ನೇ ತೂಗುತ್ತಾರೆ. ಹಾಗಾಗಿ ದಿನಾ ಕೊಡೆ ಹಿಡಿಯುವ ಊರಿಗೂ ಒಮ್ಮೊಮ್ಮೆ ಕೆಂಪು ಬಣ್ಣ ಬಳಿಯಬೇಕಾಗುತ್ತದೆ, ಆ ಊರವರು ಸಿಟ್ಟಿನಿಂದ ಬರೆಯುತ್ತಾರೆ, 'ನಮ್ಮ ಅಂಗಳದಲ್ಲಿ ಕಪ್ಪೆ ಕೂಗುತ್ತಿದೆ, ನಿಮ್ಮ ತಲೆಯಲ್ಲಿ ಬರ' ಅಂತ. ಅವನು ಎಲ್ಲರಿಗೂ ವಿನಯವಾಗಿ ಒಂದೇ ಉತ್ತರ ಕೊಡುತ್ತಾನೆ: ನಿಮಗೆ ನೀವೇ ಅಳತೆ. ಅಕ್ಕನಿಗೆ ಈ ಕೆಲಸದ ಮೇಲೆ ಮೊದಲಿಂದಲೂ ಸಲಿಗೆ. ಅವನನ್ನು ಅವಳು ಕರೆಯುವುದೇ ಬರಗಾಲ ಅಂತ. "ಏ ಬರಗಾಲ, ಊಟಕ್ಕೆ ಬಾ." "ಬರಗಾಲ ಸ್ನಾನ ಮಾಡ್ತಾ? ನೀರು ಮಿಗಿಸಿದೆಯಾ?" ಕಿಟಕಿಯ ಮೇಲಿನ ಹೂಕುಂಡ ಒಣಗಿದ ದಿನ ಮಾತ್ರ ಅವಳು ತಮಾಷೆ ಮಾಡಲಿಲ್ಲ, ಕುಂಡವನ್ನು ತಂದು ಅವನ ಕಂಪ್ಯೂಟರಿನ ಪಕ್ಕ ಇಟ್ಟು ಸುಮ್ಮನೆ ಒಳಗೆ ಹೋದಳು. ಅವನು ಅದನ್ನು ಕಾಗದ ಹಾರದಂತೆ ಒತ್ತಿಡಲು ಉಪಯೋಗಿಸಿಕೊಂಡ.

ಹೇಳಬೇಕಾದ್ದು ಒಂದೇ ಮಾತು. ಹೋಗು, ಇಲ್ಲವೇ ಬೇಡ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಅವನು ಎರಡನ್ನೂ ನಾಲಿಗೆಯ ಮೇಲಿಟ್ಟು ನೋಡಿದ. ಬೇಡ ಅನ್ನುವುದು ಸಲೀಸು. ಅದಕ್ಕೆ ಸಮರ್ಥನೆಯೂ ಬೇಕಾದಷ್ಟಿತ್ತು. ಅಕ್ಕನಿಗೆ ಮಂಡಿನೋವು, ದೋಣಿಕಟ್ಟೆ ಅಂದರೆ ಥಂಡಿ ಗಾಳಿ, ಮತ್ತೆ ಅವಳಿಗೆ ಇಲ್ಲೇನು ಕಡಿಮೆಯಾಗಿದೆ? ಸಂತೋಷವಾಗಿಯೇ ಇದ್ದಾಳಲ್ಲ, ಮೊನ್ನೆ ಭಾನುವಾರ ನಕ್ಕಳಲ್ಲ! ಆ ನಗು ನೆನಪಾದದ್ದೇ ಅವನಿಗೆ ಎದೆ ಹಗುರಾಯಿತು. ಭಾನುವಾರ ಅವನು ಊಟದ ಮೇಜಿನ ಮೇಲೆ ಈ ತಿಂಗಳ ನಕ್ಷೆ ಮುಗಿಸುತ್ತಿದ್ದ. ಒಳಗಿನ ಕೋಣೆಯಿಂದ ಅಕ್ಕನ ನಗು ಕೇಳಿತು. ಗಂಟಲಿನ ನಗುವಲ್ಲ, ಹೊಟ್ಟೆಯಿಂದ ಬಂದದ್ದು, ಉಸಿರು ಸಿಕ್ಕಿಹಾಕಿಕೊಂಡು ಕೊನೆಗೆ ಸಣ್ಣಗೆ ಕೀರಲಾಗುವ ಅವಳ ಹಳೆಯ ನಗು. ಅವನು ಎದ್ದುಹೋಗಿ ಬಾಗಿಲಲ್ಲಿ ನಿಂತ. ಅಕ್ಕ ಫೋನು ಕಿವಿಗೆ ಒತ್ತಿಕೊಂಡು ಮಂಚದ ಮೇಲೆ ಬೋರಲು ಬಿದ್ದಿದ್ದಳು, ಕಾಲು ಮೇಲೆತ್ತಿ, ಕಾಲೇಜು ಹುಡುಗಿಯಂತೆ. ಅವನನ್ನು ಕಂಡು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಅವನು ಖುಷಿಯಿಂದ ವಾಪಸು ಬಂದು, ನಕ್ಷೆ ಕಳಿಸಿ, ಚೆನ್ನಾಗಿ ನಿದ್ದೆ ಮಾಡಿದ. ಮನೆ ನೆಟ್ಟಗಿದೆ ಅಂತ.

ಆಫೀಸಿನ ಸಭೆಯ ಕೋಣೆಯಲ್ಲಿ ಗೋಡೆಯ ತುಂಬ ಅವನ ನಕ್ಷೆ ಹರಡಿತ್ತು. ಅದರ ನಡುವೆ, ಸಾವಿರ ವರ್ಷದಿಂದ ಮರಳು ಬಿಟ್ಟರೆ ಬೇರೇನೂ ಕಾಣದ ಜಾಗದಲ್ಲಿ, ಕಡುನೀಲಿಯ ಒಂದು ದೊಡ್ಡ ಕಲೆ. ಯಾರೋ ಅದರ ಮೇಲೆ ಕಾಗದದ ದೋಣಿ ಅಂಟಿಸಿದ್ದರು. ಅಲ್ಲಿ ಆಗಿದ್ದು ಇಷ್ಟೇ: ಮಳೆಯೇ ಬಾರದ ತಿಂಗಳಲ್ಲಿ ಆ ಚೌಕಗಳ ಮೇಲೆ ಹೋಗುವ ಮೋಡವೊಂದು ನಾಲ್ಕು ಹನಿ ಉದುರಿಸಿತ್ತು, ಕರವಸ್ತ್ರ ಒದ್ದೆಯಾಗುವಷ್ಟು. ಆದರೆ ರೂಢಿಯೇ ಸೊನ್ನೆ ಇರುವ ಕಡೆ ನಾಲ್ಕು ಹನಿಯೂ ಮಹಾಪೂರ. ಲೆಕ್ಕ ತಪ್ಪಿಲ್ಲ, ಅಳತೆಗೆ ಅರ್ಥವಿಲ್ಲ ಅಷ್ಟೆ. ಅದಕ್ಕೇ ಮರುಭೂಮಿಗಳನ್ನು ಈ ಲೆಕ್ಕದಿಂದ ಹೊರಗಿಟ್ಟು ಬೂದು ಬಣ್ಣ ಹಾಕುವುದು ಪದ್ಧತಿ. ನಕ್ಷೆ ಕಳಿಸುವ ಮುಂಚಿನ ಕಟ್ಟಕಡೆಯ ಕೆಲಸ. ಇಷ್ಟು ವರ್ಷ ಒಮ್ಮೆಯೂ ತಪ್ಪಿಸದಿದ್ದವನು ಈ ಸಲ ಅದನ್ನೇ ಮರೆತಿದ್ದ. ಯಾಕೆ ಮರೆತೆ ಅಂತ ಅವನಿಗೆ ಗೊತ್ತಿತ್ತು. ಬೂದು ಹಾಕಬೇಕು ಅನ್ನುವ ಹೊತ್ತಿಗೆ ಅಕ್ಕ ನಕ್ಕಿದ್ದಳು.

"ನಿಮ್ಮ ಬಣ್ಣ ಚೆನ್ನಾಗಿದೆ" ಅಂದರು ಮೇಡಂ ಮೃದುವಾಗಿ. "ಒಂದು ಪತ್ರಿಕೆಯವರು ಆಗಲೇ ಒಂಟೆಗೆ ಈಜುಡುಪು ತೊಡಿಸಿ ಚಿತ್ರ ಹಾಕಿದಾರೆ. ಅಲ್ಲಿನ ಸರಕಾರದವರು ಕೇಳ್ತಿದಾರೆ, ಕೆರೆ ಎಲ್ಲಿದೆ ಅಂತ. ಏನು ಹೇಳಲಿ?"

"ತಪ್ಪಾಯ್ತು ಮೇಡಂ. ಬೂದು ಬಿಟ್ಟುಹೋಯ್ತು."

"ಅದು ಕಾಣ್ತಿದೆ. ಬಿಟ್ಟುಹೋಗಿದ್ದು ಹೇಗೆ?"

ಅಕ್ಕ ನಕ್ಕಳು ಮೇಡಂ ಅಂತ ಹೇಳುವುದು ಹೇಗೆ? ಅವನು ನೆಲ ನೋಡಿದ. ಅಂಗಿಯ ಗುಂಡಿ ಒಂದು ಕಾಜಾ ತಪ್ಪಿರುವುದು ಆಗ ಕಂಡಿತು. ಕೊರಳ ಹತ್ತಿರ ಬಟ್ಟೆ ಒಂದು ಕಡೆ ಮೇಲೆದ್ದು, ಅವನನ್ನು ಯಾರೋ ಕತ್ತು ಹಿಡಿದು ನಿಲ್ಲಿಸಿದ ಹಾಗಿತ್ತು. ಸರಿಮಾಡಿಕೊಂಡರೆ ಎಲ್ಲರ ಕಣ್ಣು ಅಲ್ಲಿಗೇ ಬೀಳುತ್ತದೆ ಅಂತ ಹಾಗೇ ನಿಂತ. ಪಕ್ಕದಲ್ಲಿ ಹಿಮದವನು ಸೀನಿದ. ಹಿಮದವನು ಲೋಕದ ಹಿಮ ಅಳೆಯುವವನು. ಹಿಮ ಮುಟ್ಟಿ ಗೊತ್ತಿಲ್ಲ, ಆದರೂ ವರ್ಷವಿಡೀ ನೆಗಡಿ. ಸೀನಿನ ನೆವದಲ್ಲಿ ಎಲ್ಲರೂ ನಕ್ಕುಬಿಟ್ಟರು. ತನ್ನನ್ನು ಉಳಿಸಲೆಂದೇ ಸೀನಿದನೋ ಅಂತ ಇವನಿಗೆ ಅನ್ನಿಸಿತು, ಕಣ್ಣು ತುಂಬಿತು. ಅಷ್ಟು ಸಣ್ಣದಕ್ಕೆ ಕಣ್ಣು ತುಂಬಿತಲ್ಲ ಅಂತ ನಾಚಿಕೆಯೂ ಆಯಿತು.

ತಿದ್ದಿದ ನಕ್ಷೆಯನ್ನು ಮಧ್ಯಾಹ್ನದೊಳಗೆ ಕಳಿಸಬೇಕಿತ್ತು. ಕಂಪ್ಯೂಟರಿನ ಮುಂದೆ ಕೂತು ಮರುಭೂಮಿಯ ಅಂಚನ್ನು ಒಂದೊಂದೇ ಚೌಕ ನೋಡುತ್ತ ಹೋದ. ಎಲ್ಲಿಯವರೆಗೆ ಬೂದು, ಎಲ್ಲಿಂದ ಬಣ್ಣ? ಅಂಚಿನ ಚೌಕಗಳದ್ದೇ ತೊಡಕು. ಅಲ್ಲಿ ಹಿಂದೆ ಹುಲ್ಲಿತ್ತು, ಕುರಿ ಮೇಯುತ್ತಿದ್ದವು, ಮಳೆ ವರ್ಷ ವರ್ಷ ಒಂದಿಷ್ಟೇ ಹಿಂದೆ ಸರಿದಿತ್ತು, ಯಾರಿಗೂ ಗೊತ್ತಾಗದಷ್ಟು. ಮೂವತ್ತು ವರ್ಷದ ರೂಢಿಯನ್ನು ಆಗಾಗ ಹೊಸದು ಮಾಡುತ್ತಾರಲ್ಲ, ಹಳೆಯ ಒದ್ದೆ ವರ್ಷಗಳು ಬಿದ್ದುಹೋಗಿ ಒಣ ವರ್ಷಗಳು ಒಳಗೆ ಬರುತ್ತವೆ. ಆಗ ಅಲ್ಲಿ ಬರವೇ ಕಾಣುವುದಿಲ್ಲ. ಕೆಂಪಾಗಿದ್ದ ಚೌಕ ಒಂದು ಹನಿ ಮಳೆಯಿಲ್ಲದೆ ಬೆಳಗಾಗುವುದರೊಳಗೆ ಬೆಳ್ಳಗಾಗುತ್ತದೆ. ಇದು ಅವನಿಗೆ ಗೊತ್ತಿದ್ದ ವಿಷಯವೇ, ಹೊಸಬರಿಗೆ ಪಾಠವನ್ನೂ ಮಾಡಿದ್ದ. ಆದರೆ ಆವತ್ತು ಅಂತಹ ಒಂದು ಬಿಳಿ ಚೌಕದ ಮೇಲೆ ಬಾಣದ ಗುರುತು ನಿಲ್ಲಿಸಿ ಸುಮ್ಮನೆ ಕೂತ. ಅವನು ಚಿಕ್ಕವನಿದ್ದಾಗ ಎಕ್ಸ್‌ಚೇಂಜಿನಿಂದ ಅಕ್ಕ ಸಂಜೆ ಮನೆಗೆ ಬಂದರೆ ಮೆಟ್ಟಿಲಿಂದಲೇ ಶುರು. ಕೈಕಾಲು ತೊಳೆಯುವಾಗ ಮಾತು, ಜಡೆ ಬಿಚ್ಚುವಾಗ ಮಾತು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತು; ಅಮ್ಮ ಬೆನ್ನು ಹಾಕಿ ಮಲಗಿದರೂ ಬೆನ್ನಿಗೇ ಹೇಳುತ್ತಿದ್ದಳು. ಅವನು ಶಾಲೆಯ ಲೆಕ್ಕ ಬಿಟ್ಟು ಕೇಳುತ್ತಿದ್ದ. ಈಗ ಅಕ್ಕ ದಿನಕ್ಕೆ ಆಡುವುದೇನು? ಊಟಕ್ಕೆ ಬಾ. ಕೊಡೆ ತಗೋ. ಬಾಗಿಲು ಹಾಕ್ಕೋ. ಇದು ಯಾವಾಗ ಹೀಗಾಯಿತು? ಯಾವ ವರ್ಷ? ಜಗಳ ಆಗಿರಲಿಲ್ಲ, ಯಾರೂ ಯಾರನ್ನೂ ಗದರಿರಲಿಲ್ಲ. ಅವನು ಮೇಜಿನ ಮೇಲೆ ಲೋಕ ಹರಡಿಕೊಂಡು ಕೂತಿರುತ್ತಿದ್ದ, ಅಕ್ಕ "ಏ ಕೇಳು, ಇವತ್ತು ಅಂಗಡಿಯಲ್ಲಿ..." ಅನ್ನುತ್ತಿದ್ದಳು, ಅವನು ಬೆರಳೆತ್ತುತ್ತಿದ್ದ, ಒಂದ್ನಿಮಿಷ. ಪ್ರೀತಿಯಿಂದಲೇ ಎತ್ತುತ್ತಿದ್ದ. ನಿಮಿಷ ಮುಗಿದ ಮೇಲೆ ಆ ಅಂಗಡಿಯಲ್ಲಿ ಏನಾಯಿತು ಅಂತ ಒಮ್ಮೆಯಾದರೂ ಕೇಳಿದ್ದೆನೇ ಅಂತ ನೆನಪು ಕೆದಕಿದ. ಏನೂ ಸಿಗಲಿಲ್ಲ.

ಊಟದ ಹೊತ್ತಿಗೆ ಹಿಮದವನು ಡಬ್ಬಿ ಹಿಡಿದು ಎದುರಿಗೆ ಬಂದು ಕೂತ. ಇವನ ಡಬ್ಬಿ ಮನೆಯಲ್ಲೇ ಉಳಿದಿತ್ತು. ಹಿಮದವನು ಮುಚ್ಚಳದಲ್ಲಿ ಅರ್ಧ ಹಾಕಿಕೊಟ್ಟ.

"ಮನೇಲಿ ಏನಾದ್ರೂ ತೊಂದರೇನಾ? ನೀನು ಬೂದು ಮರೆಯೋ ಆಸಾಮಿ ಅಲ್ಲ ಕಣಯ್ಯಾ."

"ತೊಂದರೆ ಏನಿಲ್ಲ. ಅಕ್ಕ ಊರು ಬಿಡ್ತೀನಿ ಅಂತಿದಾಳೆ. ಅವಳ ಗೆಳತಿ ಹತ್ರ. ನಾನು ಬೇಡ ಅಂದ್ರೆ ಇರ್ತಾಳಂತೆ."

"ಬೇಡ ಅಂದುಬಿಡು, ಮುಗೀತು. ನಿನಗೆ ಅನ್ನ ಬೇಯಿಸೋಕೆ ಬರುತ್ತಾ?"

"ಅದಲ್ಲ. ಅವಳಿಗೆ ಇಲ್ಲಿ ಸುಖ ಇಲ್ಲವಾ ಅಂತ ಯೋಚನೆ. ಇದೆ ಅಂತಲೇ ನನ್ನ ಲೆಕ್ಕ. ಭಾನುವಾರ ಎಷ್ಟು ನಕ್ಕಳು ಗೊತ್ತಾ? ಹೊಟ್ಟೆ ಹಿಡ್ಕೊಂಡು."

ಹಿಮದವನು ಮೂಗು ಒರೆಸಿಕೊಂಡ. "ಅದಕ್ಕೂ ಮುಂಚೆ ಯಾವಾಗ ನಕ್ಕಿದ್ರು?"

ಇವನು ತುತ್ತು ಕೈಯಲ್ಲಿ ಹಿಡಿದು ಯೋಚಿಸಿದ. ಹಿಮದವನು ಏನೂ ಚುಚ್ಚಿ ಕೇಳಿರಲಿಲ್ಲ, ಮಾತಿಗೆ ಮಾತು ಅಷ್ಟೆ. ಉತ್ತರಕ್ಕೆ ಕಾಯದೆ ಮೊಸರು ಕಲಸತೊಡಗಿದ. ಇವನು ಮಾತ್ರ ಕೈಯಲ್ಲಿದ್ದ ತುತ್ತು ಒಣಗುವವರೆಗೂ ಹಾಗೇ ಕೂತ.

ಸಂಜೆ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಕ್ಕ ಮಂಚದ ಮೇಲೆ ಒಗೆದ ಬಟ್ಟೆ ರಾಶಿ ಹಾಕಿಕೊಂಡು ಮಡಿಸುತ್ತಿದ್ದಳು. ಅವನ ಅಂಗಿ ಒಂದು ಕಡೆ, ಅವಳ ಸೀರೆ ಒಂದು ಕಡೆ. ದಿನಾ ಎಲ್ಲ ಒಟ್ಟಿಗೇ ಇಡುತ್ತಿದ್ದಳೋ, ಹೀಗೇ ಬೇರೆಬೇರೆ ಇಡುತ್ತಿದ್ದಳೋ, ಅವನಿಗೆ ಹೇಳಲಾಗಲಿಲ್ಲ.

"ಮುಗೀತಾ ನಿನ್ನ ನಿಮಿಷ?" ಅಂದಳು ಅಕ್ಕ, ಬಟ್ಟೆಯಿಂದ ಕಣ್ಣೆತ್ತದೆ. "ಗುಂಡಿ ನೋಡ್ಕೋ. ಹೀಗೇ ಹೋಗಿದ್ಯಾ ಆಫೀಸಿಗೆ? ಲೋಕ ಅಳೆಯೋರು ಕುತ್ತಿಗೆ ಅಳತೆ ಮರೆತರಾ?"

ಅವನು ಮಂಚದ ತುದಿಯಲ್ಲಿ ಕೂತು ಮರುಭೂಮಿಯ ಕತೆ ಹೇಳಿದ. ಅವಮಾನವನ್ನು ಒಂದಿಷ್ಟೂ ಮುಚ್ಚಿಡಲಿಲ್ಲ. ಕಾಗದದ ದೋಣಿ, ಒಂಟೆಯ ಈಜುಡುಪು, ಸೀನು. ಅಕ್ಕ ಮೊದಲು ತುಟಿ ಕಚ್ಚಿಕೊಂಡಳು, ಒಂಟೆಯ ಹತ್ತಿರ ತಡೆಯಲಾಗದೆ ಅವನ ಬನಿಯನ್ನನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗುವಿನ ಬಾಲ ಹಿಡಿದು ಮಾತು ಬಂತು. "ನಮ್ಮ ಗುಬ್ಬಿ ಮಾಡಿದ್ದು ಇದಕ್ಕಿಂತ ದೊಡ್ಡದು. ಹೇಳಿದೀನಾ ನಿನಗೆ? ಇಬ್ಬರು ಅಣ್ಣತಮ್ಮಂದಿರು ಕಣೋ, ಗೋಡೆ ವಿಷಯಕ್ಕೆ ಜಗಳ ಆಡಿ ಮಾತು ಬಿಟ್ಟಿದ್ರು. ಗುಬ್ಬಿ ಒಂದಿನ ಇಬ್ಬರ ಮನೆಗೂ ತಾನೇ ರಿಂಗ್ ಮಾಡಿ ಲೈನ್ ಸೇರಿಸಿಬಿಟ್ಳು. ಅಣ್ಣ, ತಮ್ಮನೇ ಮೊದಲು ಫೋನ್ ಮಾಡಿದ ಅಂದ್ಕೊಂಡ. ತಮ್ಮ, ಅಣ್ಣನೇ ಮಾಡಿದ ಅಂದ್ಕೊಂಡ. 'ಹೇಳು' ಅಂತ ಇವನು, 'ನೀನೇ ಹೇಳು' ಅಂತ ಅವನು. ನಾವಿಬ್ಬರೂ ಉಸಿರು ಬಿಗಿ ಹಿಡಿದು ಕೇಳ್ತಾ ಕೂತಿದೀವಿ! ಸೂಪರ್‌ವೈಸರಮ್ಮ ಬಂದು ಹಿಂದೆ ನಿಂತಿದಾಳೆ, ನೋಡೇ ಇಲ್ಲ..." ಒಂದರ ಹಿಂದೆ ಒಂದು ಬಂತು. ದಿನಾ ಟೈಮು ಕೇಳಲೆಂದೇ ಫೋನು ಮಾಡುತ್ತಿದ್ದ ಗಡಿಯಾರದಂಗಡಿಯವನು. ಗಂಡನ ಹತ್ತಿರ ಮಾತಾಡುವಾಗ ನಡುನಡುವೆ 'ನೀನೇ ಹೇಳಮ್ಮಾ ನ್ಯಾಯ' ಅಂತ ಆಪರೇಟರನ್ನೇ ಕೇಳುತ್ತಿದ್ದ ಹೆಂಗಸು. ಅಕ್ಕನ ಕೈ ಬಟ್ಟೆ ಮಡಿಸುವುದನ್ನು ಬಿಟ್ಟು ಗಾಳಿಯಲ್ಲಿ ತಂತಿ ಜೋಡಿಸುತ್ತಿತ್ತು. ಬೆಳಕು ಇಳಿಯಿತು, ದೀಪ ಹಾಕಬೇಕು ಅಂತ ಇಬ್ಬರಿಗೂ ನೆನಪಾಗಲಿಲ್ಲ.

ಅವನು ಬೆಕ್ಕಿನಂತೆ ಕಣ್ಣು ಮುಚ್ಚಿ ಕೇಳಿದ. ಇಷ್ಟೂ ಇಲ್ಲೇ ಇದೆಯಲ್ಲ, ಇದೇ ಕೋಣೆಯಲ್ಲಿ! ಇದಕ್ಕಾಗಿ ದೋಣಿಕಟ್ಟೆಗೆ ಯಾಕೆ ಹೋಗಬೇಕು? ನಾಳೆಯಿಂದ ದಿನಾ ಹೀಗೇ ಮಂಚದ ತುದಿಯಲ್ಲಿ ಕೂತರಾಯಿತು, ಬೆರಳನ್ನು ಜೇಬಿನಲ್ಲಿಟ್ಟುಕೊಂಡರಾಯಿತು. ಬೇಡ ಅಕ್ಕಾ, ಹೋಗಬೇಡ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎದೆಯಲ್ಲಿ ಎಂಥದೋ ತಂಪು ಹರಡುತ್ತಿತ್ತು, ಕಡುನೀಲಿಯಾಗಿ. ಆ ನೀಲಿಯನ್ನು ಅವನು ಗುರುತು ಹಿಡಿದ. ಬೆಳಗ್ಗೆಯಷ್ಟೇ ಅದನ್ನು ಗೋಡೆಯ ನಕ್ಷೆಯಲ್ಲಿ ನೋಡಿದ್ದ, ನಾಲ್ಕೇ ಹನಿಯ ನೀಲಿ. ನಾಳೆ ಬೆಳಗ್ಗೆ ಫೋನು ಬರುತ್ತದೆ, ಅಂಚಿನ ಚೌಕಗಳು ಕಾಯುತ್ತಿರುತ್ತವೆ, ಬರುವ ತಿಂಗಳ ಮಳೆಯ ಲೆಕ್ಕ ಬರುತ್ತದೆ. ಅವನ ಬೆರಳು ಅವನಿಗೆ ಗೊತ್ತಿಲ್ಲವೇ?

"ಹೋಗು" ಅಂದ.

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. "ಏನಂದೆ?"

"ಗುಬ್ಬಿ ಹತ್ರ ಹೋಗು ಅಂದೆ. ಫೋನ್ ಮಾಡು ಅವಳಿಗೆ. ಸಂಜೆಯೊಳಗೆ ಅಂದಿದ್ಳಲ್ಲ."

ಅಕ್ಕ ಅವನ ಅಂಗಿಯೊಂದನ್ನು ಎತ್ತಿಕೊಂಡು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. "ಎಷ್ಟು ಸಲೀಸಾಗಿ ಅಂದುಬಿಟ್ಟೆಯೋ! ಬೇಡ ಅಂತ ಒಂದ್ಸಲ ಅನ್ನಬಾರದಾ? ಶಾಸ್ತ್ರಕ್ಕಾದ್ರೂ?"

"ಬೇಡ ಅಕ್ಕಾ."

"ಹೇಗೆ? ಕೇಳಿಸಲಿಲ್ಲ."

"ಹೋಗಬೇಡ ಅಕ್ಕಾ. ಇಲ್ಲೇ ಇರು."

"ಹಾಂ, ಸರಿಹೋಯ್ತು." ಅವಳ ದನಿ ಒದ್ದೆಯಾಗಿತ್ತು. "ಈಗ ಹೋಗು ಅನ್ನು."

"ಹೋಗು" ಅಂದ ಅವನು. ಅಕ್ಕ ಎದ್ದು ದೀಪ ಹಾಕಿ, ಹೋಗುವ ದಾರಿಯಲ್ಲಿ ಅವನ ತಲೆಗೊಂದು ಮೊಟಕಿ, ಗುಬ್ಬಿಗೆ ಫೋನು ಮಾಡಲು ಒಳಗೆ ಹೋದಳು.

ಆಮೇಲಿನ ದಿನಗಳಲ್ಲಿ ಅಕ್ಕ ಅವನಿಗೆ ಅನ್ನ ಬೇಯಿಸುವುದನ್ನು ಕಲಿಸಿದಳು. ಅಕ್ಕಿಗೆ ಎಷ್ಟು ನೀರು ಅಂತ ಅವನು ಮೂರು ಸಲ ಕೇಳಿದ್ದಕ್ಕೆ, "ಬರಗಾಲಕ್ಕೆ ನೀರಿನ ಲೆಕ್ಕ ನಾನು ಹೇಳಬೇಕಾ!" ಅಂತ ಪಾತ್ರೆಯ ಮೇಲೆ ತಾಳ ಹಾಕಿ ನಕ್ಕಳು. ಆಫೀಸಿನಲ್ಲಿ ತಿದ್ದಿದ ನಕ್ಷೆ ಹೊರಗೆ ಹೋಗಿತ್ತು, ಮರುಭೂಮಿ ಮರ್ಯಾದೆಯಿಂದ ಬೂದಾಗಿತ್ತು. ಕಾಗದದ ದೋಣಿಯನ್ನು ಮಾತ್ರ ಯಾರೋ ಕಿತ್ತು ಅವನ ಮೇಜಿನ ಮೇಲಿಟ್ಟಿದ್ದರು. ಅವನು ಅದನ್ನು ಮನೆಗೆ ತಂದು ಅಕ್ಕನ ಚೀಲದ ಹೊರಜೇಬಿಗೆ ಸೇರಿಸಿದ.

ಬಸ್‌ನಿಲ್ದಾಣಕ್ಕೆ ಅವನೇ ಚೀಲ ಹೊತ್ತು ಹೋದ. ಅಕ್ಕ ಕಿಟಕಿಯ ಪಕ್ಕ ಕೂತಳು. ಪಕ್ಕದ ಸೀಟಿನಲ್ಲಿ ದಪ್ಪ ಕನ್ನಡಕದ ಒಬ್ಬ ಹೆಂಗಸು; ಅಕ್ಕ ಕೂತ ಗಳಿಗೆಯಿಂದಲೇ ಅವಳ ಹತ್ತಿರ ಶುರುಮಾಡಿಕೊಂಡಿದ್ದಳು. ಗಾಜು ಮುಚ್ಚಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ. ಅಕ್ಕನ ಕೈ ಗಾಳಿಯಲ್ಲಿ ಏನನ್ನೋ ಅಳೆಯಿತು, ಆಮೇಲೆ ಗಾಜಿನಾಚೆ ಅವನ ಕಡೆ ತಿರುಗಿತು. ಕನ್ನಡಕದವಳು ಬಗ್ಗಿ ಅವನನ್ನು ಮೇಲಿಂದ ಕೆಳಗೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಒಂಟೆಯ ಕತೆಯೇ ಇರಬೇಕು. ಡ್ರೈವರ್ ಬಂದು ಕೂತ. ಕೆಳಗೆ ನಿಂತಿದ್ದವನಿಗೆ ಆಗ ಹಠಾತ್ತನೆ ಒಂದು ಮಾತು ಹೇಳಬೇಕನ್ನಿಸಿತು, ಏನೆಂದು ಅವನಿಗೇ ಪೂರ್ತಿ ತಿಳಿದಿರಲಿಲ್ಲ, ಅವತ್ತು ಅಂಗಡಿಯಲ್ಲಿ ಏನಾಯಿತು ಅಂತ ಕೇಳುವುದಿರಬಹುದು. ಎರಡು ಹೆಜ್ಜೆ ಮುಂದೆ ಹೋಗಿ ಗಾಜನ್ನು ಬಡಿದ. ಅಕ್ಕ ಮಾತು ನಿಲ್ಲಿಸಲಿಲ್ಲ. ಅವನ ಕಡೆ ತಿರುಗದೆ, ಪ್ರೀತಿಯಿಂದಲೇ, ತೋರುಬೆರಳನ್ನು ಮೇಲೆತ್ತಿ ತೋರಿಸಿದಳು: ಒಂದ್ನಿಮಿಷ.

ಬಸ್ಸು ಹೊರಟಿತು. ಅಕ್ಕ ಹೋದದ್ದು ಅದೇ ವಾರದ ಶುಕ್ರವಾರ.